ಇಂಗ್ಲಿಷ್ ತರಗತಿಯಲ್ಲಿ ಕನ್ನಡಕ್ಕೆ ಬಹಿಷ್ಕಾರ

ವಿವಾಹದ ಇರುಳಿನಲ್ಲಿ ಪುರೋಹಿತನು ನವವಧುವಿಗೆ ಅರುಂಧತೀ ನಕ್ಷತ್ರವನ್ನು ತೋರಿಸಬೇಕಾಗುವುದು. ಆ ತಾರೆಯು ಬಹಳ ಸಣ್ಣದು. ಬೆರಳು ನೀಡಿ ‘ಅದೋ ಅಲ್ಲಿ’ ಎಂದ ಮಾತ್ರಕ್ಕೆ ಅದು ಕಣ್ಣಿಗೆ ಬೀಳದು. ಆದುದರಿಂದ ಅವನು ಮೊದಲು ಸಪ್ತರ್ಷಿಮಂಡಲವನ್ನು ತೋರಿಸಿ, ಅದರಲ್ಲಿ ವಸಿಷ್ಠನೆಂಬ ಉಜ್ವಲವಾದ ತಾರೆಯ ಮೇಲೆ ದೃಷ್ಟಿಯನ್ನು ನಿಲ್ಲಿಸಿ, ಬಳಿಕ ಅದರ ಮಗ್ಗುಲಲ್ಲಿ ಮಿನುಗುವ ಅರುಂಧತಿಯ ಕಡೆಗೆ ಕಣ್ಣನ್ನು ನಡೆಸುವನು. ತಿಳಿದುದರ ಮೂಲಕ ತಿಳಿಯದುದನ್ನು ತೋರಿಸುವ ಈ ಕ್ರಮಕ್ಕೆ ಶಾಸ್ತ್ರಜ್ಞರು ಅರುಂಧತೀದರ್ಶನ ನ್ಯಾಯವೆಂದು ಹೆಸರಿಟ್ಟಿರುವರು. ಬೋಧನಕಾರ್ಯದಲ್ಲಿ ತೊಡಗಿದವರು ಮರೆಯಬಾರದ ನ್ಯಾಯವೊಂದಿದ್ದರೆ ಅದು ಇದೇ.

ಕನ್ನಡ ನಾಡಿನ ಪದವಿ ಕಾಲೇಜುಗಳಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ತರಗತಿಗಳು ಈ ನ್ಯಾಯಕ್ಕೆ ನೇರವಾಗಿ ವಿರುದ್ಧವಾಗಿ ನಡೆಯುತ್ತಿರುವುವು. ವಿದ್ಯಾರ್ಥಿಗೆ ತಿಳಿದಿರುವ ಭಾಷೆ ಕನ್ನಡ, ತಿಳಿಯಬೇಕಾಗಿರುವುದು ಇಂಗ್ಲಿಷ್. ತಿಳಿದುದನ್ನು ಬಾಗಿಲ ಹೊರಗೆ ನಿಲ್ಲಿಸಿ ತಿಳಿಯದುದನ್ನು ತಿಳಿಯದುದರಿಂದಲೇ ಕಲಿಸಬೇಕೆಂಬುದು ಅಲ್ಲಿಯ ಸಂಪ್ರದಾಯ. ಇಂಗ್ಲಿಷ್ ಅವಧಿಯಲ್ಲಿ ಕನ್ನಡದ ಒಂದು ಮಾತನ್ನೂ ಆಡದಿರುವುದೇ ಉತ್ತಮ ಅಧ್ಯಾಪಕನ ಲಕ್ಷಣವೆಂದು ಮೇಲಧಿಕಾರಿಗಳು ಭಾವಿಸುವರು. ಆಡಿದವನು ತಪ್ಪು ಮಾಡಿದವನಂತೆ ಧ್ವನಿ ತಗ್ಗಿಸುವನು. ಈ ಬಹಿಷ್ಕಾರದಿಂದ ಇಂಗ್ಲಿಷಿಗೆ ಲಾಭವಾಗಿದೆಯೆ? ಆಗಿಲ್ಲ. ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಬಾರದಿರುವುದಕ್ಕೆ ಕಾರಣಗಳು ಹಲವಿದ್ದರೂ, ಇಂಗ್ಲಿಷ್ ತರಗತಿಯಿಂದ ಕನ್ನಡವನ್ನು ಹೊರಹಾಕಿದುದು ಅವುಗಳಲ್ಲಿ ಪ್ರಧಾನವಾದುದು. ಈ ಮಾತು ಕೆಲವರಿಗೆ ವಿಪರೀತವಾಗಿ ಕಾಣಬಹುದು. ಆದುದರಿಂದ ವಿಷಯವನ್ನು ಕ್ರಮವಾಗಿ ವಿಚಾರಿಸತಕ್ಕದ್ದು.

ಮೊದಲು ವಸ್ತುಸ್ಥಿತಿಯನ್ನು ನೋಡಬೇಕು. ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಪಾಠವು ಆರಂಭವಾಗುವುದು. ಆ ಲೆಕ್ಕದಂತೆ ಪದವಿ ತರಗತಿಗೆ ಬರುವ ಹುಡುಗನು ಅಥವಾ ಹುಡುಗಿಯು ಹನ್ನೆರಡು ವರ್ಷ ಆ ಭಾಷೆಯನ್ನು ಓದಿ ಬಂದಿರಬೇಕು. ಹಿಂದೆ ಕಾವ್ಯ, ವ್ಯಾಕರಣ, ತರ್ಕಗಳಲ್ಲಿ ಪ್ರವೇಶವನ್ನು ಪಡೆಯುವುದಕ್ಕೆ ಪಾಠಶಾಲೆಯ ವಿದ್ಯಾರ್ಥಿಗೆ ಅಷ್ಟು ಕಾಲ ಬೇಕಾಗುತ್ತಿರಲಿಲ್ಲ. ಆದರೂ ತಾಲೂಕು ಕೇಂದ್ರದ ಯಾವುದೇ ಕಾಲೇಜಿನ ಮೊದಲನೆಯ ವರ್ಷದ ತರಗತಿಯನ್ನು ಹೊಕ್ಕು, ಎರಡು ದಿನದ ರಜೆಗಾಗಿ ಸ್ವಂತ ಮಾತಿನಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರವನ್ನು ಬರೆಯಿರೆಂದು ಕೇಳಿದರೆ, ತಲೆ ಬಾಗಿಸಿ ಕುಳಿತುಕೊಳ್ಳುವವರು ಬಹುಮಂದಿ. ಇವರು ದಡ್ಡರಲ್ಲ. ಇವರಲ್ಲಿ ಕನ್ನಡದಲ್ಲಿ ಸೊಗಸಾಗಿ ಬರೆಯಬಲ್ಲವರಿರುವರು, ಲೆಕ್ಕದಲ್ಲಿ ಚುರುಕಾದವರಿರುವರು, ಹೊಲ ಮನೆಗಳ ವ್ಯವಹಾರವನ್ನು ತಂದೆಗಿಂತ ಚೆನ್ನಾಗಿ ನಡೆಸಬಲ್ಲವರಿರುವರು. ಇಂಗ್ಲಿಷಿನ ಮುಂದೆ ಮಾತ್ರ ಇವರ ಬಾಯಿ ಕಟ್ಟಿಹೋಗುವುದು.

ಇಂಥವರ ಕೈಗೆ ಕಾಲೇಜು ಕೊಡುವುದೇನು? ಒಂದು ಸಂಕಲನಗ್ರಂಥ. ಅದರಲ್ಲಿ ಇಂಗ್ಲೆಂಡಿನ ಕವಿಯೊಬ್ಬನ ಪದ್ಯ, ಅಮೇರಿಕದ ಒಂದು ಸಣ್ಣ ಕಥೆ, ಯಾವನೋ ಪ್ರಬಂಧಕಾರನ ವಿನೋದ, ಒಂದು ನಾಟಕದ ಭಾಗ. ಅಧ್ಯಾಪಕನು ಇವನ್ನು ಇಂಗ್ಲಿಷಿನಲ್ಲಿಯೇ ಓದಿ ಇಂಗ್ಲಿಷಿನಲ್ಲಿಯೇ ವಿವರಿಸುವನು. ಕ್ರಿಯಾಪದಗಳ ಕಾಲಭೇದವನ್ನೇ ಅರಿಯದವನಿಗೆ ಕವಿಯ ವ್ಯಂಗ್ಯಾರ್ಥವನ್ನು ಬೋಧಿಸುವುದು, ರಾಮಶಬ್ದವನ್ನು ಕಲಿಯದವನಿಗೆ ಬಾಣಭಟ್ಟನ ಗದ್ಯವನ್ನು ಹೇಳಿಕೊಟ್ಟಂತೆ. ಪರೀಕ್ಷೆಯು ಸಮೀಪಿಸಿದಾಗ ಅಂಗಡಿಯ ಗೈಡು ಕೈಗೆ ಬರುವುದು. ಅದರಲ್ಲಿರುವ ಉತ್ತರಗಳನ್ನು ಅರ್ಥವಿಲ್ಲದೆ ಕಂಠಸ್ಥ ಮಾಡಿ, ಉತ್ತರಪತ್ರಿಕೆಯಲ್ಲಿ ಇಳಿಸಿ, ವಿದ್ಯಾರ್ಥಿಯು ತೇರ್ಗಡೆ ಹೊಂದುವನು. ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಬಂದಿತು, ನಾಲಗೆಗೆ ಬರಲಿಲ್ಲ.

ಇಷ್ಟೇ ಅಲ್ಲ. ಬಹಿರಂಗದಲ್ಲಿ ಬಹಿಷ್ಕೃತವಾದ ಕನ್ನಡವು ಅಂತರಂಗದಲ್ಲಿ ಅಲ್ಲಿಯೇ ಇರುವುದು. ಮಕ್ಕಳ ಮುಖದಲ್ಲಿ ಯಾವ ಬೆಳಕೂ ಮೂಡದಿರುವುದನ್ನು ಕಂಡ ದಯಾವಂತನಾದ ಅಧ್ಯಾಪಕನು ಕೊನೆಯ ಐದು ನಿಮಿಷದಲ್ಲಿ ಇಡೀ ಪಾಠದ ಸಾರಾಂಶವನ್ನು ಕನ್ನಡದಲ್ಲಿ ಗಬಗಬನೆ ಹೇಳಿಬಿಡುವನು. ಇದರಿಂದ ಕಥೆ ತಿಳಿಯುವುದೇ ಹೊರತು ಭಾಷೆ ತಿಳಿಯದು. ಯಾವ ಇಂಗ್ಲಿಷ್ ಪದವು ಯಾವ ಕನ್ನಡ ಪದಕ್ಕೆ ಸಮ, ಯಾವ ವಾಕ್ಯವು ಹೇಗೆ ತಿರುಗಿತು, ಎಲ್ಲಿ ಎರಡು ಭಾಷೆಗಳ ದಾರಿ ಬೇರೆಯಾಯಿತು ಎಂಬುದೊಂದೂ ಸಾರಾಂಶದಲ್ಲಿ ಕಾಣದು. ಹೀಗೆ ಕನ್ನಡವನ್ನು ಬಳಸಬೇಕಾದ ಕಡೆ ನಿಷೇಧ, ಬಳಸಬಾರದ ರೀತಿಯಲ್ಲಿ ಬಳಕೆ, ಎರಡೂ ಸೇರಿ ವಿದ್ಯಾರ್ಥಿಯನ್ನು ನಡುನೀರಿನಲ್ಲಿ ಕೈಬಿಟ್ಟಿರುವುವು.

ಈ ನಿಷೇಧವು ಎಲ್ಲಿಂದ ಬಂದಿತು? ಅದು ಅನಾದಿಯಾದುದೇನೂ ಅಲ್ಲ. 1878ರಲ್ಲಿ ಅಮೇರಿಕ ಸಂಯುಕ್ತ ಸಂಸ್ಥಾನದ ಪ್ರಾವಿಡೆನ್ಸ್ ನಗರದಲ್ಲಿ ಬರ್ಲಿಟ್ಜ್ ಎಂಬಾತನು ಒಂದು ಭಾಷಾಶಾಲೆಯನ್ನು ತೆರೆದನು. ಕಲಿಸುವ ಭಾಷೆಯನ್ನು ಬಿಟ್ಟು ಮತ್ತಾವ ಭಾಷೆಯನ್ನೂ ಆಡಕೂಡದೆಂಬುದು ಅವನ ಶಾಲೆಗಳ ಕಟ್ಟಳೆ. ದೇಶದೇಶಗಳಿಂದ ಬಂದು ಬೇರೆ ಬೇರೆ ಮಾತನ್ನಾಡುವವರು ಒಂದೇ ಬೆಂಚಿನ ಮೇಲೆ ಕುಳಿತ ಕಡೆ ಈ ಕಟ್ಟಳೆಗೆ ಅರ್ಥವಿರುವುದು. ಎಲ್ಲರಿಗೂ ತಿಳಿದ ಮತ್ತೊಂದು ಭಾಷೆಯೇ ಅಲ್ಲಿಲ್ಲ. ಶಿಷ್ಯರು ಸ್ವಲ್ಪ ಮಂದಿ, ಹಣ ತೆತ್ತು ಬಂದವರು, ಕಲಿತ ಮಾತನ್ನು ಬೀದಿಯಲ್ಲಿ ಬಳಸುವ ಅವಕಾಶವುಳ್ಳವರಾದರೆ ಅದು ಫಲಿಸಲೂಬಹುದು. ಆ ಬಳಿಕ 1961ರಲ್ಲಿ ಉಗಾಂಡದ ಮಕೆರೆರೆ ಎಂಬಲ್ಲಿ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ವಿಷಯದಲ್ಲಿ ಕಾಮನ್‌ವೆಲ್ತ್ ದೇಶಗಳ ಸಮ್ಮೇಳನವೊಂದು ನೆರೆಯಿತು. ಇಂಗ್ಲಿಷನ್ನು ಇಂಗ್ಲಿಷಿನ ಮೂಲಕವೇ ಕಲಿಸುವುದು ಉತ್ತಮ, ಆ ಭಾಷೆಯಲ್ಲಿ ಹುಟ್ಟಿದವನೇ ಉತ್ತಮ ಉಪಾಧ್ಯಾಯ ಎಂಬ ಭಾವನೆಗಳಿಗೆ ಆ ಸಮ್ಮೇಳನದಿಂದ ಶಾಸ್ತ್ರದ ಗೌರವವು ಬಂದಿತು. ಈ ಭಾವನೆಗಳು ಪ್ರಮಾಣಸಿದ್ಧವಾದುವಲ್ಲ, ಭ್ರಾಂತಿಗಳು ಎಂದು ಫಿಲಿಪ್ಸನ್ ಎಂಬ ವಿದ್ವಾಂಸನು 1992ರ ತನ್ನ ಗ್ರಂಥದಲ್ಲಿ ವಾದಿಸಿರುವನು. ಭಾಷಾಂತರವನ್ನು ಭಾಷಾಬೋಧನೆಗೆ ಮರಳಿ ತರಬೇಕೆಂದು ಗೈ ಕುಕ್ ಎಂಬ ಮತ್ತೊಬ್ಬ ಆಂಗ್ಲ ವಿದ್ವಾಂಸನು 2010ರಲ್ಲಿ ಒಂದು ಗ್ರಂಥವನ್ನೇ ಬರೆದಿರುವನು. ಇಂಗ್ಲಿಷಿನವರೇ ಹೀಗೆ ಸಂದೇಹಪಡುತ್ತಿರುವ ನಿಯಮವನ್ನು ಇಲ್ಲಿಯವರು ವೇದವಾಕ್ಯದಂತೆ ತಲೆಯ ಮೇಲೆ ಹೊತ್ತಿರುವುದು ಅಂಧಪರಂಪರೆಯಲ್ಲದೆ ಮತ್ತೇನು? ಕನ್ನಡ ನಾಡಿನ ಹಳ್ಳಿಗಾಡಿನ ಕಾಲೇಜಿನಲ್ಲಿ ಒಂದು ತರಗತಿಗೆ ನೂರು ಮಂದಿ ಕುಳಿತಿದ್ದರೆ ಆ ನೂರು ಮಂದಿಗೂ, ಎದುರಿಗೆ ನಿಂತ ಅಧ್ಯಾಪಕನಿಗೂ ಕನ್ನಡವು ಬರುವುದು. ಬರ್ಲಿಟ್ಜನಿಗೆ ದೊರೆಯದ ಈ ಭಾಗ್ಯವನ್ನು ದೋಷವೆಂದು ಎಣಿಸುವುದಕ್ಕಿಂತ ಹೆಚ್ಚಿನ ಅವಿವೇಕವುಂಟೆ?

ಇನ್ನು, ಇಂಗ್ಲಿಷಿನವರು ಕನ್ನಡವನ್ನು ಹೇಗೆ ಕಲಿತರು ಎಂಬುದನ್ನು ನೋಡೋಣವಾಗಲಿ. ಕಂಪನಿಯ ತರುಣ ಅಧಿಕಾರಿಗಳಿಗೆ ದಕ್ಷಿಣದೇಶದ ಭಾಷೆಗಳನ್ನು ಕಲಿಸುವುದಕ್ಕಾಗಿ ಮದರಾಸಿನಲ್ಲಿ 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪಿತವಾಯಿತು. ಎರಡನೆಯ ಭಾಷೆಯನ್ನು ಕಲಿಸುವ ಕಾಲೇಜೆಂದರೆ ಅದೇ ಅಲ್ಲವೆ? ಆ ತರುಣರನ್ನು ಕನ್ನಡದ ಕಾಡಿನಲ್ಲಿ ಕಣ್ಣು ಕಟ್ಟಿ ಬಿಡಲಿಲ್ಲ. ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣವು 1816ರಲ್ಲಿ, ಮೆಕೆರೆಲ್ಲನ ಕರ್ಣಾಟಕ ಭಾಷಾ ವ್ಯಾಕರಣವು 1820ರಲ್ಲಿ, ರೀವ್ ಪಾದ್ರಿಯ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಹೊರಬಂದುವು. ಇವೆಲ್ಲವೂ ಕಲಿಯುವವನ ಭಾಷೆಯಾದ ಇಂಗ್ಲಿಷಿನ ಆಧಾರದ ಮೇಲೆ ನಿಂತವು. ಜರ್ಮನಿಯಿಂದ ಬಂದ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಮಹಾನಿಘಂಟುವಿನಲ್ಲಿಯೂ ಕನ್ನಡ ಶಬ್ದಕ್ಕೆ ಅರ್ಥವಿರುವುದು ಇಂಗ್ಲಿಷಿನಲ್ಲಿಯೇ. ಪರದೇಶದವನು ತನ್ನ ಮಾತಿನ ದೀಪವನ್ನು ಹಿಡಿದು ಕನ್ನಡದ ಮನೆಯನ್ನು ಹೊಕ್ಕನು. ಕನ್ನಡಿಗನು ಮಾತ್ರ ತನ್ನ ದೀಪವನ್ನು ಆರಿಸಿ ಇಂಗ್ಲಿಷಿನ ಮನೆಯನ್ನು ಹೊಗಬೇಕಂತೆ! ಸಂಸ್ಕೃತ ಪಾಠಶಾಲೆಗಳ ಕ್ರಮವೂ ಇದೇ ಆಗಿದ್ದಿತು. ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಎಂದು ಶ್ಲೋಕವನ್ನು ಬಿಡಿಸುವಾಗ ಗುರುವು ಪ್ರತಿಪದಾರ್ಥವನ್ನು ಕನ್ನಡದಲ್ಲಿ ಹೇಳುತ್ತಿದ್ದನು. ಅದರಿಂದ ಯಾವ ಶಿಷ್ಯನ ಸಂಸ್ಕೃತವೂ ಕೆಡಲಿಲ್ಲ. ಇಂಗ್ಲಿಷ್ ಬಲ್ಲವರಿಗಾಗಿ ರಾಮಕೃಷ್ಣ ಗೋಪಾಲ ಭಾಂಡಾರಕರರು ಬರೆದ ಸಂಸ್ಕೃತ ಪಾಠಪುಸ್ತಕಗಳಲ್ಲಿ ಸಂಸ್ಕೃತದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಸಂಸ್ಕೃತಕ್ಕೂ ಭಾಷಾಂತರಿಸುವ ಅಭ್ಯಾಸಗಳಿರುವುವು. ಅವನ್ನು ಓದಿ ಸಂಸ್ಕೃತವನ್ನು ಕಲಿತವರ ತಲೆಮಾರುಗಳೇ ಇರುವುವು.

ಈಗ ಭಾಷೆಗಳ ಸ್ವರೂಪಕ್ಕೆ ಬರತಕ್ಕದ್ದು. ಕನ್ನಡಿಗನು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳು ಮನಬಂದಂತೆ ಆಗುವ ತಪ್ಪುಗಳಲ್ಲ. ಒಂದೊಂದು ತಪ್ಪಿನ ಹಿಂದೆಯೂ ಕನ್ನಡದ ಒಂದೊಂದು ನಿಯಮವು ನಿಂತಿರುವುದು. ಆ ನಿಯಮವನ್ನು ತೋರಿಸದೆ ತಪ್ಪನ್ನು ಮಾತ್ರ ತಿದ್ದುವುದು ಬೇರನ್ನು ಬಿಟ್ಟು ಚಿಗುರನ್ನು ಚಿವುಟಿದಂತೆ. ನಾಲ್ಕು ಉದಾಹರಣೆಗಳು ಸಾಕು.

ಒಂದನೆಯದು, ಪದಗಳ ಸ್ಥಾನ. ‘ಹುಲಿಯು ಹಸುವನ್ನು ಕೊಂದಿತು’ ಎಂದರೂ ‘ಹಸುವನ್ನು ಹುಲಿಯು ಕೊಂದಿತು’ ಎಂದರೂ ಸತ್ತುದು ಹಸುವೇ. ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿಯು ಅದನ್ನು ಎಲ್ಲಿದ್ದರೂ ಗುರುತಿಸಿಕೊಡುವುದು. ಇಂಗ್ಲಿಷಿನಲ್ಲಿ ‘ದಿ ಟೈಗರ್ ಕಿಲ್ಡ್ ದಿ ಕೌ’ ಎಂಬಲ್ಲಿ ಎರಡು ನಾಮಪದಗಳ ಸ್ಥಾನವನ್ನು ಬದಲಿಸಿದರೆ ಹಸುವೇ ಹುಲಿಯನ್ನು ಕೊಂದಂತಾಗುವುದು. ಕನ್ನಡದಲ್ಲಿ ವಿಭಕ್ತಿಯು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಸ್ಥಾನವು ಮಾಡುವುದೆಂಬ ಈ ಒಂದು ಮಾತನ್ನು ಕನ್ನಡದಲ್ಲಿ ಹತ್ತು ನಿಮಿಷ ಹೇಳಿದರೆ ಹುಡುಗನಿಗೆ ಜನ್ಮಕ್ಕೆ ಸಾಕು.

ಎರಡನೆಯದು, ಚತುರ್ಥೀ ವಿಭಕ್ತಿ. ಕನ್ನಡಿಗನಿಗೆ ಜ್ವರ ಬರುವುದು, ಹಸಿವಾಗುವುದು, ತಮ್ಮಂದಿರಿರುವರು, ಕೆಲಸವಿರುವುದು. ಇವೆಲ್ಲವೂ ‘ನನಗೆ’ ಎಂಬುದರಿಂದ ಹೊರಡುವ ಮಾತುಗಳು. ಇಂಗ್ಲಿಷಿನವನು ಅಲ್ಲೆಲ್ಲ ‘ಐ’ ಎಂಬ ಪ್ರಥಮಾ ವಿಭಕ್ತಿಯ ಕರ್ತೃವನ್ನು ಮುಂದಿಟ್ಟು ‘ಹ್ಯಾವ್’ ಎಂದೋ ‘ಆಮ್’ ಎಂದೋ ನುಡಿಯುವನು. ‘ನನಗೆ ಇಬ್ಬರು ತಮ್ಮಂದಿರಿರುವರು’ ಎಂಬುದನ್ನು ‘ಟು ಮಿ ಟೂ ಬ್ರದರ್ಸ್ ಆರ್ ದೇರ್’ ಎಂದು ಬರೆದ ಹುಡುಗಿಯನ್ನು ನೋಡಿ ನಗುವವರೇ ಹೆಚ್ಚು. ‘ನನಗೆ’ ಎಂಬುದು ‘ಐ’ ಆದುದು ಏಕೆಂದು ಹೇಳಿಕೊಡುವವರು ಕಡಿಮೆ.

ಮೂರನೆಯದು, ‘ಎ’ ಮತ್ತು ‘ದಿ’ ಎಂಬ ಚಿಕ್ಕ ಪದಗಳು. ಕನ್ನಡದಲ್ಲಿ ಇವು ಇಲ್ಲವೇ ಇಲ್ಲವೆಂದು ಹೇಳಿ ಪಾಠವನ್ನು ಮುಗಿಸುವರು. ‘ಹುಡುಗನು ಪುಸ್ತಕ ತಂದನು’ ಎಂಬುದಕ್ಕೂ ‘ಹುಡುಗನು ಪುಸ್ತಕವನ್ನು ತಂದನು’ ಎಂಬುದಕ್ಕೂ ಭೇದವಿಲ್ಲವೆ? ಮೊದಲನೆಯದರಲ್ಲಿ ಯಾವುದೋ ಒಂದು ಪುಸ್ತಕ. ಎರಡನೆಯದರಲ್ಲಿ, ಸಾಮಾನ್ಯವಾಗಿ, ಹೇಳುವವನಿಗೂ ಕೇಳುವವನಿಗೂ ಗೊತ್ತಿರುವ ಪುಸ್ತಕ. ಒಂದು ಕಡೆ ‘ಎ ಬುಕ್’, ಇನ್ನೊಂದು ಕಡೆ ‘ದಿ ಬುಕ್’. ಸಾಮ್ಯವು ಪೂರ್ಣವಾದುದಲ್ಲವಾದರೂ ಪ್ರವೇಶಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಈ ಸೂಕ್ಷ್ಮವು ಪ್ರತಿಯೊಬ್ಬ ಕನ್ನಡಿಗನ ನಾಲಗೆಯಲ್ಲಿಯೂ ಅರಿವಿಲ್ಲದೆಯೇ ಇರುವುದು. ಅದನ್ನು ಅರಿವಿಗೆ ತಂದುಕೊಡುವುದೇ ಉಪಾಧ್ಯಾಯನ ಕೆಲಸ.

ನಾಲ್ಕನೆಯದು, ದೀರ್ಘವಾಕ್ಯ. ‘ಪ್ರವಾಹದಲ್ಲಿ ಮನೆಯನ್ನು ಕಳೆದುಕೊಂಡ ರೈತನಿಗೆ ಸರ್ಕಾರವು ಕೊಟ್ಟ ಪರಿಹಾರ’ ಎಂದು ಕನ್ನಡವು ವಿಶೇಷಣಗಳನ್ನೆಲ್ಲ ಮೊದಲು ಹೇಳಿ ವಿಶೇಷ್ಯವನ್ನು ಕೊನೆಯಲ್ಲಿಡುವುದು. ಇಂಗ್ಲಿಷ್ ಇದನ್ನು ಬುಡಮೇಲು ಮಾಡಿ ಪರಿಹಾರದಿಂದ ಆರಂಭಿಸಿ, ಕೊಟ್ಟ ಸರ್ಕಾರ, ಪಡೆದ ರೈತ, ಕಳೆದುಕೊಂಡ ಮನೆ, ಕಡೆಗೆ ಪ್ರವಾಹ ಎಂದು ನಡೆಯುವುದು. ನಡುನಡುವೆ ‘ದಟ್’, ‘ಹೂ’ ಎಂಬ ಕೊಂಡಿಗಳು. ಕಾನೂನು, ವಾಣಿಜ್ಯ, ವಿಜ್ಞಾನಗಳ ಗ್ರಂಥಗಳು ಇಂಥ ವಾಕ್ಯಗಳಿಂದಲೇ ತುಂಬಿರುವುವು. ಬಾಲದಿಂದ ತಲೆಗೆ ಓದಿ ಕನ್ನಡದ ಅನ್ವಯವನ್ನು ಕಂಡುಕೊಳ್ಳುವ ವಿದ್ಯೆಯನ್ನು ಕಲಿಸದಿದ್ದರೆ ವಿದ್ಯಾರ್ಥಿಯು ಪದಪದದ ಅರ್ಥವನ್ನು ಬಲ್ಲವನಾಗಿಯೂ ವಾಕ್ಯದ ಅರ್ಥಕ್ಕೆ ಕುರುಡನಾಗುವನು. ಸಂಸ್ಕೃತದ ಸಮಾಸವನ್ನು ವಿಗ್ರಹಿಸಬಲ್ಲವನಿಗೆ ಈ ವಿದ್ಯೆಯು ಹೊಸದಲ್ಲ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದವರ ಆಕ್ಷೇಪಗಳಿಗೆ ಸಮಾಧಾನವನ್ನು ಹೇಳಬೇಕಾಗಿರುವುದು.

‘ಶಿಶುವು ತಾಯಿನುಡಿಯನ್ನು ಮತ್ತೊಂದು ಭಾಷೆಯ ಸಹಾಯವಿಲ್ಲದೆ ಕಲಿಯುವುದಲ್ಲವೆ? ಕಾಲೇಜಿನಲ್ಲಿಯೂ ಹಾಗೆಯೇ ಆಗಲಿ’ ಎಂದು ಒಂದು ಪಕ್ಷ. ಇವರು ಲೆಕ್ಕ ಹಾಕಿದಂತೆ ತೋರದು. ಶಿಶುವಿನ ಕಿವಿಗೆ ದಿನಕ್ಕೆ 10 ಗಂಟೆ ಮಾತು ಬೀಳುವುದೆಂದು ಹಿಡಿದರೂ ಮೂರು ವರ್ಷಕ್ಕೆ 10,950 ಗಂಟೆಗಳಾಗುವುವು. ಕಾಲೇಜಿನಲ್ಲಿ ವಾರಕ್ಕೆ 4 ಗಂಟೆಯಂತೆ ವರ್ಷದಲ್ಲಿ 30 ವಾರ ಪಾಠ ನಡೆದರೂ ಮೂರು ವರ್ಷಕ್ಕೆ 360 ಗಂಟೆ. ಮೇಲಾಗಿ ಶಿಶುವಿಗೆ ತಾಯಿಯೊಬ್ಬಳಿರುವಳು. ಇಲ್ಲಿ ನೂರು ಮಕ್ಕಳಿಗೆ ಒಬ್ಬ ಉಪಾಧ್ಯಾಯ. ಶಿಶುವಿಗಿಲ್ಲದ ಒಂದು ಸಂಪತ್ತು ಮಾತ್ರ ಹದಿನೆಂಟು ವರ್ಷದವನಿಗೆ ಇರುವುದು: ಅವನಿಗೆ ಆಗಲೇ ಒಂದು ಭಾಷೆಯು ಪೂರ್ಣವಾಗಿ ಬರುವುದು. ಕಾಲವು ಕಡಿಮೆಯಾದವನು ಇರುವ ಮೂಲಧನವನ್ನು ಬಳಸಬೇಕೋ, ಹೂತಿಡಬೇಕೋ?

‘ಕನ್ನಡವನ್ನು ಬಿಟ್ಟುಕೊಟ್ಟರೆ ಅವರು ಇಂಗ್ಲಿಷಿನಲ್ಲಿ ಆಲೋಚಿಸುವುದನ್ನು ಎಂದಿಗೂ ಕಲಿಯರು’ ಎಂಬುದು ಎರಡನೆಯ ಪಕ್ಷ. ಆಲೋಚನೆಯು ಅಭ್ಯಾಸದ ಫಲ, ಆರಂಭವಲ್ಲ. ಅದು ಹಾಗಿರಲಿ, ತರಗತಿಯಲ್ಲಿ ಬಾಯಿಗೆ ಬೀಗ ಹಾಕಬಹುದು, ಮನಸ್ಸಿಗೆ ಹಾಕಲಾದೀತೆ? ಅಧ್ಯಾಪಕನು ಹೇಳಿದ ಪ್ರತಿಯೊಂದು ವಾಕ್ಯವನ್ನೂ ವಿದ್ಯಾರ್ಥಿಯು ಒಳಗೊಳಗೇ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಲೇ ಇರುವನು. ನಿಷೇಧದಿಂದ ಆ ಭಾಷಾಂತರವು ನಿಲ್ಲದು. ತಿದ್ದುವವರಿಲ್ಲದೆ ತಪ್ಪುತಪ್ಪಾಗಿ ನಡೆಯುವುದು. ಅದನ್ನು ಹೊರಗೆ ತಂದು, ಹಲಗೆಯ ಮೇಲೆ ಬರೆದು, ಹತ್ತು ಮಂದಿಯ ಮುಂದೆ ತಿದ್ದುವುದು ಲೇಸು.

‘ಬೆಂಗಳೂರಿನಂಥ ನಗರದಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಮನೆಮಾತಿನವರೂ ತರಗತಿಯಲ್ಲಿರುವರು, ಅವರ ಗತಿಯೇನು?’ ಎಂಬುದು ಮೂರನೆಯ ಪಕ್ಷ. ಇದು ನ್ಯಾಯವಾದ ಪ್ರಶ್ನೆ. ಎಲ್ಲರಿಗೂ ತಿಳಿದ ಭಾಷೆಯು ಬೇರೆ ಇಲ್ಲದ ಕಡೆ ಇಂಗ್ಲಿಷಿನಲ್ಲಿಯೇ ಕಲಿಸಲಿ; ಯಾರೂ ಬೇಡವೆನ್ನರು. ಆದರೆ ಮಹಾನಗರದ ಕೆಲವು ಕಾಲೇಜುಗಳ ವಿಶೇಷಸ್ಥಿತಿಯನ್ನು ಬೀದರಿನಿಂದ ಚಾಮರಾಜನಗರದವರೆಗಿನ ಕಾಲೇಜುಗಳಿಗೆಲ್ಲ ಸಾಮಾನ್ಯಶಾಸನವನ್ನಾಗಿ ಮಾಡುವುದು ಯಾವ ನ್ಯಾಯ? ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಕ್ಕಳೂ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವರಾದರೆ ಅವರಿಗೂ ಕನ್ನಡವೇ ಸೇತುವೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪವು ನಾಲ್ಕನೆಯದು: ‘ಸೋಮಾರಿಯಾದ ಉಪಾಧ್ಯಾಯನು ಅವಧಿಯನ್ನೆಲ್ಲ ಕನ್ನಡದಲ್ಲಿಯೇ ಕಳೆದುಬಿಡುವನು.’ ಇದನ್ನು ಒಪ್ಪಲೇಬೇಕು. ಔಷಧವೂ ಪ್ರಮಾಣ ಮೀರಿದರೆ ವಿಷವಾಗುವುದು. ವಿವರಣೆಗೆ ಕನ್ನಡ, ಅಭ್ಯಾಸಕ್ಕೆ ಇಂಗ್ಲಿಷ್ ಎಂಬುದು ಮರ್ಯಾದೆಯಾಗಬೇಕು. ಹತ್ತು ನಿಮಿಷ ಕನ್ನಡದಲ್ಲಿ ನಿಯಮವನ್ನು ತಿಳಿಸಿದರೆ ಮಿಕ್ಕ ಹೊತ್ತೆಲ್ಲ ಮಕ್ಕಳು ಇಂಗ್ಲಿಷಿನಲ್ಲಿ ಓದಬೇಕು, ಬರೆಯಬೇಕು, ಮಾತನಾಡಬೇಕು. ಕಳಶದ ಕೆಲಸವು ಮುಗಿಯುತ್ತ ಬಂದಂತೆ ಸಾರವೆಯನ್ನು ಬಿಚ್ಚುವ ಹಾಗೆ, ವರ್ಷದಿಂದ ವರ್ಷಕ್ಕೆ ಕನ್ನಡದ ಪಾಲು ಕಡಿಮೆಯಾಗುತ್ತ ಹೋಗಬೇಕು. ಕಟ್ಟಡವು ಮುಗಿದ ಮೇಲೆ ಸಾರವೆ ಬೇಡವೆಂಬುದು ನಿಜ. ಅಷ್ಟರಿಂದಲೇ ಸಾರವೆಯಿಲ್ಲದೆ ಗೋಪುರವನ್ನು ಎತ್ತಬಹುದೆಂದು ಹೇಳಲಾಗದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಭಾಷೆಯನ್ನು ಕಲಿಯುವ ತರಗತಿಯೂ ಸಾಹಿತ್ಯವನ್ನು ಸವಿಯುವ ತರಗತಿಯೂ ಬೇರೆಬೇರೆಯಾಗಬೇಕು. ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರು ಷೇಕ್ಸ್‌ಪಿಯರನನ್ನು ಓದಲಿ. ಅದರಿಂದ ನಾಡಿಗೆ ಕೀರ್ತಿಯೇ ಹೊರತು ನಷ್ಟವಿಲ್ಲ. ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಮೊದಲು ಬೇಕಾದುದು ನಿತ್ಯೋಪಯೋಗದ ಶಬ್ದಸಂಪತ್ತು. ಬಂಗಾಳದ ಢಾಕಾದಲ್ಲಿ ಉಪಾಧ್ಯಾಯರಾಗಿದ್ದು, ಅಲ್ಲಿಯ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಸಲೀಸಾಗಿ ಓದುವ ಶಕ್ತಿಯೆಂದು ಕಂಡುಕೊಂಡ ಮೈಕೇಲ್ ವೆಸ್ಟ್ ಎಂಬ ವಿದ್ವಾಂಸನು 1953ರಲ್ಲಿ ಸುಮಾರು 2000 ಮುಖ್ಯಶಬ್ದಗಳ ಒಂದು ಪಟ್ಟಿಯನ್ನು ಪ್ರಕಟಿಸಿದನು. ಅಂಥ ಒಂದು ಪಟ್ಟಿಯನ್ನು ಕನ್ನಡದ ಅರ್ಥಪ್ರಯೋಗಗಳೊಡನೆ, ಅಮರಕೋಶದಂತೆ ವರ್ಗಾನುಸಾರವಾಗಿ ಅಳವಡಿಸಿ ಕೊಟ್ಟರೆ, ದಿನಕ್ಕೆ 10 ಶಬ್ದದಂತೆ 200 ದಿನಗಳಲ್ಲಿ ಮುಗಿಯುವುದು.

ಎರಡನೆಯದಾಗಿ, ಎರಡು ಭಾಷೆಗಳನ್ನು ಎದುರುಬದುರಾಗಿ ಇಟ್ಟು ತೋರಿಸುವ ವ್ಯಾಕರಣವೊಂದು ಕನ್ನಡದಲ್ಲಿ ಪಠ್ಯವಾಗಬೇಕು. ಅದನ್ನು ಪಾಠ ಹೇಳುವ ಅಧ್ಯಾಪಕನು ಕನ್ನಡದ ವ್ಯಾಕರಣವನ್ನೂ ಬಲ್ಲವನಾಗಿರಬೇಕು. ಕೇಶಿರಾಜನ ಹೆಸರನ್ನೇ ಕೇಳದವನು ಕನ್ನಡದ ಮಕ್ಕಳಿಗೆ ಇಂಗ್ಲಿಷಿನ ಗುರುವಾಗುವುದು ಅರ್ಧವಿದ್ಯೆ. ಅಧ್ಯಾಪಕರಿಗೆ ತರಬೇತಿ ಕೊಡುವ ಸಂಸ್ಥೆಗಳಿಗೆ ಕೊರತೆಯಿಲ್ಲ. 1958ರಲ್ಲಿ ಹೈದರಾಬಾದಿನಲ್ಲಿಯೂ 1963ರಲ್ಲಿ ಬೆಂಗಳೂರಿನಲ್ಲಿಯೂ ಅವು ಸ್ಥಾಪಿತವಾದುವು. ನಿಯಮಗಳ ಬಾಯಿಪಾಠಕ್ಕೆ ಬದಲಾಗಿ, ರೈಲಿನ ವೇಳಾಪಟ್ಟಿಯನ್ನು ಓದುವುದು, ನಕ್ಷೆಯಲ್ಲಿ ದಾರಿಯನ್ನು ಹುಡುಕುವುದು ಮೊದಲಾದ ಅರ್ಥವುಳ್ಳ ಕಾರ್ಯಗಳ ಮೂಲಕ ಭಾಷೆಯನ್ನು ಕಲಿಸುವ ಪ್ರಯೋಗವನ್ನು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಶಾಲೆಗಳಲ್ಲಿ ನಡೆಸಿದುದು ಬೆಂಗಳೂರಿನ ಹೆಸರಿನಿಂದಲೇ ಜಗತ್ತಿನಲ್ಲಿ ಪ್ರಸಿದ್ಧವಾಗಿರುವುದು. ಹೊಸ ದಾರಿಯನ್ನು ಹುಡುಕುವ ಬುದ್ಧಿಶಕ್ತಿಯು ಈ ನಾಡಿಗೆ ಇರುವುದೆಂಬುದಕ್ಕೆ ಇದೇ ಸಾಕ್ಷಿ. ಆ ಶಕ್ತಿಯು ಎರಡು ಭಾಷೆಗಳ ಹೋಲಿಕೆಯ ಕಡೆಗೂ ತಿರುಗಬೇಕು.

ಮೂರನೆಯದಾಗಿ, ಪರೀಕ್ಷೆಯು ಬದಲಾಗಬೇಕು. ಇದೊಂದು ಆಗದೆ ಉಳಿದುದೆಲ್ಲ ನೀರಿನಲ್ಲಿ ಹುಣಿಸೆಹಣ್ಣನ್ನು ತೊಳೆದಂತೆ. ಪಠ್ಯದಿಂದ ಪ್ರಶ್ನೆಯನ್ನು ಕೇಳುವವರೆಗೆ ಗೈಡಿನ ಅಂಗಡಿಯು ಮುಚ್ಚದು. ವಿದ್ಯಾರ್ಥಿಯು ಹಿಂದೆಂದೂ ನೋಡದ ಒಂದು ಇಂಗ್ಲಿಷ್ ಭಾಗವನ್ನು ಕೊಟ್ಟು ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಬರೆಯಿಸಲಿ. ಒಂದು ಕನ್ನಡ ಭಾಗವನ್ನು ಕೊಟ್ಟು ಇಂಗ್ಲಿಷಿಗೆ ತಿರುಗಿಸಲಿ. ಒಂದು ಪತ್ರ, ಒಂದು ವರದಿ, ಐದು ನಿಮಿಷದ ಸಂಭಾಷಣೆ ಇರಲಿ. ಇವುಗಳಿಗೆ ಬಾಯಿಪಾಠವು ಸಹಾಯಕ್ಕೆ ಬಾರದು. ಮೊದಲ ವರ್ಷ ತೇರ್ಗಡೆಯಾಗುವವರ ಸಂಖ್ಯೆಯು ಕುಗ್ಗೀತು. ಆ ಕುಗ್ಗುವಿಕೆಗೆ ಹೆದರಿ ಸುಳ್ಳು ಅಂಕಗಳನ್ನು ಹಂಚುವುದು ಮಕ್ಕಳಿಗೆ ಮಾಡುವ ದ್ರೋಹ.

ಈ ವಿಷಯದಲ್ಲಿ ಕನ್ನಡಾಭಿಮಾನಿಗಳಿಗೂ ಒಂದು ಮಾತನ್ನು ಹೇಳದೆ ಬಿಡಕೂಡದು. ಇಂಗ್ಲಿಷ್ ಕಲಿಸುವುದಕ್ಕೆ ಕನ್ನಡವನ್ನು ಬಳಸುವುದೆಂದರೆ ಕನ್ನಡವನ್ನು ಪರಭಾಷೆಯ ದಾಸಿಯನ್ನಾಗಿ ಮಾಡಿದಂತೆ ಎಂದು ಕೆಲವರು ಮುನಿಯುವರು. ಇವರೂ ಪ್ರತಿಪಕ್ಷದವರೂ ಒಂದೇ ಭ್ರಾಂತಿಯಲ್ಲಿರುವರು: ಎರಡು ಭಾಷೆಗಳು ಸವತಿಯರು, ಒಬ್ಬಳಿದ್ದ ಮನೆಯಲ್ಲಿ ಇನ್ನೊಬ್ಬಳಿಗೆ ಸ್ಥಳವಿಲ್ಲ ಎಂಬುದೇ ಆ ಭ್ರಾಂತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದು ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೋರಿದುದನ್ನು ಎಲ್ಲರೂ ಬಲ್ಲರು. ಮಾಸ್ತಿಯವರು ಇಂಗ್ಲಿಷಿನಲ್ಲಿ ಎಂ. ಎ. ಪದವೀಧರರು. ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿದ್ದವರು ಕನ್ನಡದ ಕವಿಗಳಾದ ವಿನಾಯಕ ಕೃಷ್ಣ ಗೋಕಾಕರು. ಇವರ ಇಂಗ್ಲಿಷ್ ಗಟ್ಟಿಯಾಗಿದ್ದುದರಿಂದ ಕನ್ನಡವು ಕ್ಷೀಣಿಸಲಿಲ್ಲ, ಕನ್ನಡವು ಗಟ್ಟಿಯಾಗಿದ್ದುದರಿಂದ ಇಂಗ್ಲಿಷ್ ಕೆಡಲಿಲ್ಲ. ಎರಡು ಭಾಷೆಗಳ ನಡುವೆ ಪ್ರತಿದಿನವೂ ಹೋಗಿಬರುತ್ತಿದ್ದವರ ಕೈಯಲ್ಲಿ ಎರಡೂ ಬೆಳಗಿದುವು. ಆ ಹೋಗಿಬರುವಿಕೆಗೇ ಇಂದಿನ ತರಗತಿಯಲ್ಲಿ ನಿಷೇಧವಿರುವುದು.

ಇದು ಪಂಡಿತರ ಒಣಚರ್ಚೆಯಲ್ಲ. ಇದರಲ್ಲಿ ಬಡಮನೆಗಳ ಬಾಳು ಅಡಗಿರುವುದು. ಪಟ್ಟಣದ ಶ್ರೀಮಂತನ ಮಗುವಿಗೆ ಇಂಗ್ಲಿಷ್ ಮನೆಯಲ್ಲಿಯೇ ದೊರೆಯುವುದು. ಕಾಲೇಜಿನ ಪಾಠವು ಕೆಟ್ಟರೂ ಅದಕ್ಕೆ ಹಾನಿಯಿಲ್ಲ. ಕಾಲೇಜಿನ ಪಾಠವನ್ನೇ ನಂಬಿದವಳು, ಮನೆತನದಲ್ಲಿ ಮೊತ್ತಮೊದಲಿಗೆ ಪದವಿಯ ಮೆಟ್ಟಿಲನ್ನು ಹತ್ತಿದ ರೈತನ ಮಗಳು, ಕೂಲಿಕಾರನ ಮಗಳು. ಅವಳು ಮೂರು ವರ್ಷ ಬಸ್ಸಿನಲ್ಲಿ ನಿಂತು ಬಂದು ಪಾಠ ಕೇಳಿ ಪದವಿಯನ್ನು ಪಡೆಯುವಳು. ಕೆಲಸದ ಸಂದರ್ಶನದಲ್ಲಿ ಮೊದಲನೆಯ ಪ್ರಶ್ನೆಗೇ ಅವಳ ಕಂಠವು ಬಿಗಿಯುವುದು. ಆಮೇಲೆ ಸಾಲ ಮಾಡಿ ಮೂರು ತಿಂಗಳ ಇಂಗ್ಲಿಷ್ ಮಾತುಗಾರಿಕೆಯ ಅಂಗಡಿಗೆ ಹಣ ತೆರುವಳು. ಎಲ್ಲಕ್ಕಿಂತ ದುಃಖಕರವಾದುದೆಂದರೆ, ಕೊರತೆಯು ತನ್ನ ಬುದ್ಧಿಯಲ್ಲಿಯೂ ತನ್ನ ಕನ್ನಡದಲ್ಲಿಯೂ ಇರುವುದೆಂದು ಅವಳು ನಂಬಿಬಿಡುವುದು. ತನ್ನ ಮಗುವಿಗಾದರೂ ಈ ಗತಿಯು ಬಾರದಿರಲೆಂದು ಅದಕ್ಕೆ ಕನ್ನಡವನ್ನೇ ತಪ್ಪಿಸುವುದು. ಹೀಗೆ ಇಂಗ್ಲಿಷ್ ತರಗತಿಯಿಂದ ಹೊರಗಾದ ಕನ್ನಡವು ಕ್ರಮೇಣ ಮನೆಯಿಂದಲೂ ಹೊರಗಾಗುವುದು. ಇಂಗ್ಲಿಷಾದರೂ ಒಳಗೆ ಬಂದಿರುವುದಿಲ್ಲ.

ಪಠ್ಯಕ್ರಮವನ್ನು ರಚಿಸುವ ಮಂಡಲಿಗಳಲ್ಲಿ ಕುಳಿತ ವಿದ್ವಾಂಸರು ಮುಂದಿನ ಸಭೆಯಲ್ಲಿ ಯಾವ ಕವಿಯನ್ನು ಸೇರಿಸಬೇಕು, ಯಾವ ಕಥೆಯನ್ನು ಬಿಡಬೇಕು ಎಂದು ಚರ್ಚಿಸುವುದಕ್ಕೆ ಮೊದಲು, ಪಾಠವನ್ನು ಕೇಳುವ ಆ ಹುಡುಗಿಗೆ ಈಗಾಗಲೇ ತಿಳಿದಿರುವುದೇನು ಎಂಬ ಪ್ರಶ್ನೆಯನ್ನು ಒಂದು ಸಾರಿ ಕೇಳಿಕೊಳ್ಳಲಿ. ಅವಳಿಗೆ ಕನ್ನಡವು ತಿಳಿದಿರುವುದು. ಅಲ್ಲಿಂದಲೇ ಅವಳ ಕಣ್ಣನ್ನು ನಡೆಸತಕ್ಕದ್ದು. ವಸಿಷ್ಠನನ್ನು ಮರೆಮಾಡಿ ಅರುಂಧತಿಯನ್ನು ತೋರಿಸಿದ ಪುರೋಹಿತನು ಇದುವರೆಗೆ ಯಾವ ಊರಿನಲ್ಲಿಯೂ ಹುಟ್ಟಿಲ್ಲ.